ಕೆರೆಕೆರೆ, ಒಂದು ‘ಹೌದು’ ಒತ್ತಿ

“ಒಳಗೆ ಬರುತ್ತಿರುವುದು ನೀವೇನಾ?” ಎಂದು ಫೋನು ದಿನಕ್ಕೆ ಹತ್ತು ಸಲ ಕೇಳಿದರೆ ಯಾರಿಗಾದರೂ ಬೇಸರವಾಗುತ್ತದೆ. ಸುವಾ ಎಂಬ ಬಂದರು ಪಟ್ಟಣದ ಔಷಧಿ ಉಗ್ರಾಣದಲ್ಲಿ ಗುಮಾಸ್ತೆಯಾಗಿದ್ದ ತರೈವಿನಿಗೂ ಆಗುತ್ತಿತ್ತು. ಓದುವ ಗೋಜಿಗೇ ಹೋಗದೆ ‘ಹೌದು’ ಒತ್ತಿಬಿಡುತ್ತಿದ್ದಳು.

ಆ ಪ್ರಶ್ನೆ ಕೇಳಿಸುತ್ತಿದ್ದವಳು ಅವಳ ಅಣ್ಣನ ಮಗಳು ಉನೈಸಿ. ಉಗ್ರಾಣದಂಥ ಹತ್ತಾರು ಕಡೆಯ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗದಂತೆ ಕಾಯುವುದು ಅವಳ ಕೆಲಸ. ದಿನಕ್ಕೆ ಸಾವಿರಾರು ಎಚ್ಚರಿಕೆಗಳು ಬರುತ್ತವೆ, ಎಲ್ಲವನ್ನೂ ಮನುಷ್ಯರು ನೋಡಲಾಗದು. ಹಾಗಾಗಿ ಯಂತ್ರಕ್ಕೆ ಅವಳೇ ನಿಯಮ ಬರೆದಿದ್ದಳು: ಅನುಮಾನ ಬಂದರೆ ಆ ಹೆಸರಿನವರನ್ನೇ ಕೇಳು, ಅವರು ಹೌದೆಂದರೆ ಎಚ್ಚರಿಕೆಯನ್ನು ಮುಚ್ಚು.

ಆ ಬುಧವಾರ ಮಧ್ಯಾಹ್ನ ಪರದೆ ತೀರಾ ಶಾಂತವಾಗಿತ್ತು. ಉನೈಸಿಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಎದ್ದಳು, ನೀರು ಕುಡಿದಳು, ಮತ್ತೆ ಕುಳಿತಳು. ಕೊನೆಗೆ ಯಂತ್ರ ತಾನಾಗಿ ಮುಚ್ಚಿದ್ದ ಎಚ್ಚರಿಕೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದಳು. ಒಂದೇ ಹೆಸರು, ದೂರದ ದೇಶದಿಂದ ಪ್ರವೇಶ, ಮೂರು ಸಲ ‘ಹೌದು’. ಹೆಸರು ಅತ್ತೆಯದು!

ಕೂಡಲೇ ಅತ್ತೆಯ ಖಾತೆಗೆ ಬೀಗ ಹಾಕಿದಳು. ಹಾಕಿದ ಮೇಲೆ ಹಡಗಿನ ನೆನಪಾಯಿತು. ಮೂರು ಗಂಟೆಗೆ ಲಾವು ದ್ವೀಪಗಳಿಗೆ ಹಡಗು. ಅಲ್ಲಿನ ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಪಟ್ಟಿ ಆ ಖಾತೆಯಿಂದಲೇ ಹೊರಡಬೇಕು. ಮುಂದಿನ ಹಡಗು ಎರಡು ವಾರಕ್ಕೆ. ಬೀಗ ತೆಗೆಯಬೇಕಾದರೆ ಮುಖ ನೋಡಿಯೇ ತೆಗೆಯಬೇಕು. ಫೋನಿನಲ್ಲಿ ದನಿ ಯಾರದ್ದೂ ಇರಬಹುದು. ಗಡಿಯಾರದಲ್ಲಿ ಒಂದೂಮುಕ್ಕಾಲು. ಉನೈಸಿ ಬಂದರಿನ ರಸ್ತೆಯಲ್ಲಿ ಓಡಿದಳು.

“ಅತ್ತೆ, ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲಿದ್ರಿ?”

“ಇಲ್ಲೇ, ಮರಗೆಣಸು ತಿಂತಾ ಇದ್ದೆ. ಅದಕ್ಕೂ ನಿನ್ನ ಯಂತ್ರದ ಅಪ್ಪಣೆ ಬೇಕೇನೇ? ನೋಡು, ಬಾಗಿಲು ಹಾಕ್ಕೊಂಡು ಕೂತಿದೆ ನಿನ್ನ ಮಾರಿ. ಹಡಗು ಹೋಗ್ಬಿಡುತ್ತೆ!”

“ಅದೇ ಹೊತ್ತಲ್ಲಿ ಯಾರೋ ನಿಮ್ಮ ಪಾಸ್‌ವರ್ಡ್ ಕದ್ದು ಒಳಗೆ ಬಂದಿದಾನೆ. ನೀವು ಮೂರು ಸಲ ಹೌದು ಅಂದಿದೀರಿ.”

ತರೈವಿನಿಯ ಮುಖ ಇಳಿಯಿತು. “ಫೋನ್ ಮಾಡಿದೋನು ತಾನು ಕಂಪ್ಯೂಟರ್ ರಿಪೇರಿಯವನು ಅಂದ್ನಲ್ಲೇ! ಕೆರೆಕೆರೆ ಅತ್ತೆ, ಒಂದು ಹೌದು ಒತ್ತಿ ಅಂದ. ನಮ್ಮ ಭಾಷೇಲೇ ಅಂದ.”

ಕೆರೆಕೆರೆ ಎಂದರೆ ನಮ್ಮವರೆಂಬ ಸಲುಗೆಯಿಂದ ಬೇಡುವುದು. ಹಾಗೆ ಬೇಡಿದವರಿಗೆ ಇಲ್ಲವೆನ್ನುವುದು ಅಲ್ಲಿ ಮಾನ ಹೋಗುವ ಮಾತು.

“ನಿಮ್ಮಪ್ಪ ಕೆರೆಕೆರೆ ಅಂತ ನನ್ನ ಹೊಸ ಚಾಪೆ ಕೇಳ್ದಾಗ್ಲೂ ಕೊಟ್ಟೆ. ಇಲ್ಲ ಅನ್ನೋದು ಹ್ಯಾಗೆ?”

“ಚಾಪೆ ನಿಮ್ದು, ಕೊಡಿ ಅತ್ತೆ. ಈ ಉಗ್ರಾಣ ನಿಮ್ದಾ? ಲಾವುನವರ ಔಷಧಿ ನಿಮ್ದಾ? ನಿಮ್ದಲ್ಲದ್ದನ್ನ ಹ್ಯಾಗೆ ಕೊಟ್ರಿ?”

ತರೈವಿನಿ ಮೆಲ್ಲಗೆ ಕೇಳಿದಳು: “ನಾನು ದಡ್ಡಿ ಸರಿ. ನಿನ್ನ ಜಾಣ ಯಂತ್ರ ಏನ್ಮಾಡ್ತಿತ್ತು? ನಿದ್ದೆನಾ?”

ಉನೈಸಿ ತಲೆ ತಗ್ಗಿಸಿದಳು. “ತಪ್ಪು ನಂದೂ ಇದೆ. ಹೌದು ಅಂದ್ರೆ ಸಾಕು ಅಂತ ಬರೆದೋಳು ನಾನೇ. ಇವತ್ತೇ ತಿದ್ತೀನಿ. ದೂರದಿಂದ ಯಾರಾದ್ರೂ ಬಂದ್ರೆ, ಹೌದು ಅಂದ್ರೂ ಮನುಷ್ಯರೇ ವಿಚಾರಿಸ್ಬೇಕು.”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅವನೇ. “ಕೆರೆಕೆರೆ ಅತ್ತೆ, ಒಳಗೆ ಹೋಗೋಕೇ ಆಗ್ತಿಲ್ಲ. ಇನ್ನೊಂದೇ ಸಲ...”

ತರೈವಿನಿ ಉಸಿರೆಳೆದುಕೊಂಡಳು. “ಹಸಿವಾದ್ರೆ ಮನೆಗೆ ಬಾಪ್ಪಾ, ಮೀನು ಸಾರು ಬಡಿಸ್ತೀನಿ. ಹೌದು ಮಾತ್ರ ಕೊಡೋಕಾಗಲ್ಲ. ಅದು ನಂದಲ್ಲ.” ಫೋನು ಇಟ್ಟಳು.

ಉನೈಸಿ ಖಾತೆಯ ಬೀಗ ತೆಗೆದಳು, ಹೊಸ ಪಾಸ್‌ವರ್ಡ್ ಆಯಿತು. ಇಬ್ಬರೂ ಪಟ್ಟಿಯನ್ನು ಸಾಲುಸಾಲಾಗಿ ಓದಿದರು. ಕಳ್ಳ ನೋಡಿದ್ದ, ತಿದ್ದಿರಲಿಲ್ಲ. ಎರಡೂಮುಕ್ಕಾಲಿಗೆ ಇನ್ಸುಲಿನ್ ಪೆಟ್ಟಿಗೆಗಳು ಹಡಗು ಹತ್ತಿದವು. ಆದರೂ ಉನೈಸಿಗೆ ನೆಮ್ಮದಿಯಿಲ್ಲ. ಇನ್ನೆಷ್ಟು ‘ಹೌದು’ಗಳು ಹಾಗೇ ಮುಚ್ಚಿಹೋಗಿವೆಯೋ ಎನ್ನುತ್ತ ಮತ್ತೆ ಕಚೇರಿಯ ಕಡೆಗೆ ಓಡಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಫೋನೂ ಹೀಗೆ ಕೇಳೀತು. ನೀವು ಒಳಗೆ ಹೋಗುತ್ತಿಲ್ಲವಾದರೆ ‘ಇಲ್ಲ’ ಒತ್ತಿ. ಬೇಡುವವರ ದನಿ ಎಷ್ಟೇ ನಮ್ಮವರದೆನಿಸಿದರೂ ‘ಇಲ್ಲ’ವೇ. ಮರೆತು ‘ಹೌದು’ ಒತ್ತಿದ್ದರೆ ನಾಚಿಕೊಂಡು ಮುಚ್ಚಿಡಬೇಡಿ, ಕಂಪ್ಯೂಟರು ಕಾಯುವವರಿಗೆ ಕೂಡಲೇ ಹೇಳಿ. ಬೀಗ ಹಾಕಲು ಯಂತ್ರಕ್ಕೆ ಒಂದು ಕ್ಷಣ ಸಾಕು. ಬಂದವನು ನಾನಲ್ಲ ಎಂದು ಹೇಳಬೇಕಾದವರು ನೀವು.