ಹೆಂಗಸರ ಕಡೆಯ ಕಾರ್ಡು

ಶುಕ್ರವಾರ ಮಧ್ಯಾಹ್ನ ಹನ್ನೆರಡು ಗಂಟೆ ಐವತ್ತು ನಿಮಿಷಕ್ಕೆ ವಸೀಲಾ ತನ್ನ ಲ್ಯಾಪ್‌ಟಾಪಿಗೆ ಹಾಕಿದ ಮೆಮೊರಿ ಕಾರ್ಡಿನಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಕಾರುಗಳಿದ್ದವು. ಹಾರ್ನುಗಳಿದ್ದವು. ಹೂವು ಕಟ್ಟಿದ ಬಿಳಿ ಕಾರಿನ ಮುಂದೆ ಡೋಲು ಬಡಿಯುತ್ತಿದ್ದ ನಾಲ್ವರು ಗಂಡಸರಿದ್ದರು. ಅದು ಅವಳ ತಮ್ಮ ಯಜೀದ್ ಹಿಂದಿನ ದಿನ ತೆಗೆದ ಮದುಮಗನ ಮೆರವಣಿಗೆ.

ವಸೀಲಾ ಕುಳಿತಿದ್ದದ್ದು ತ್ಲೆಮ್ಸೆನ್ ನಗರದ ಹಳೆಯ ಊರಿನ ಒಂದು ಮನೆಯಲ್ಲಿ, ಮದುಮಗಳ ತಾಯಿ ಫೌಜಿಯಾಳ ಪಕ್ಕದಲ್ಲಿ. ಇಬ್ಬರೂ ಸೇರಿ ನೋಡಬೇಕಿದ್ದದ್ದು ಗುರುವಾರ ಮಧ್ಯಾಹ್ನ ಛತ್ರದಲ್ಲಿ ನಡೆದ ಹೆಂಗಸರ ಕಡೆಯ ಮದುವೆಯನ್ನು.

ಹನ್ನೊಂದು ವರ್ಷದಿಂದ ವಸೀಲಾಳ ಕೆಲಸ ಇದೇ, ಹೆಂಗಸರ ಕಡೆಯ ಮದುವೆಯ ವಿಡಿಯೊ ತೆಗೆಯುವುದು. ಛತ್ರದ ಬಾಗಿಲು ಹಾಕುತ್ತಾರೆ. ಎಲ್ಲರ ಫೋನುಗಳನ್ನು ಬಾಗಿಲಲ್ಲೇ ಬುಟ್ಟಿಗೆ ಹಾಕಿಸಿಕೊಳ್ಳುತ್ತಾರೆ. ತಲೆಬಟ್ಟೆ ತೆಗೆದು, ಕೂದಲು ಬಿಟ್ಟು, ತೋಳಿಲ್ಲದ ಉಡುಪಿನಲ್ಲಿ ಹೆಂಗಸರು ಕುಣಿಯುತ್ತಾರೆ. ಒಳಗೆ ಇರುವುದು ವಸೀಲಾಳ ಕ್ಯಾಮೆರಾ ಒಂದೇ. ಪ್ರತಿ ಮದುವೆಯಲ್ಲೂ ಶುರುವಿಗೆ ಮುಂಚೆ ಅವಳು ಎದ್ದು ನಿಂತು ಒಂದು ಮಾತು ಹೇಳುತ್ತಾಳೆ: "ಇದನ್ನ ಯಾವ ಗಂಡಸೂ ನೋಡಲ್ಲ. ನನ್ನ ತಮ್ಮನೂ ನೋಡಲ್ಲ." ಆ ಒಂದು ಮಾತಿನ ಮೇಲೆ ನಿನ್ನೆ ನೂರ ನಲವತ್ತು ಹೆಂಗಸರು ಕುಣಿದಿದ್ದರು. ಅವರಲ್ಲಿ ಆಸ್ಪತ್ರೆಯ ಹಿರಿಯ ಡಾಕ್ಟರೊಬ್ಬರಿದ್ದರು, ಬರಿಗಾಲಲ್ಲಿ.

ಹೆಂಗಸರ ಕಾರ್ಡು ಮೊದಲ ರಾತ್ರಿ ವಸೀಲಾಳ ಮನೆಗೂ ಹೋಗುವುದಿಲ್ಲ. ಅದು ಮದುಮಗಳ ತಾಯಿಯ ಬಳಿ ಇರುತ್ತದೆ. ಮರುದಿನ ತಾಯಿ ಜೊತೆಗೆ ಕೂತು, ಇವಳನ್ನು ತೆಗೆದುಬಿಡು, ಅವಳ ಮುಖ ಬೇಡ ಎಂದು ತೋರಿಸಿದ ಮೇಲೆ, ಅಷ್ಟನ್ನು ಅಳಿಸಿ ಉಳಿದದ್ದನ್ನು ವಸೀಲಾ ಒಯ್ಯುತ್ತಾಳೆ. ಗಂಡಸರ ಕಾರ್ಡಿಗೆ ಈ ನಾಜೂಕೆಲ್ಲ ಇಲ್ಲ. ಮದುವೆಯ ಮರುದಿನ ಶುಕ್ರವಾರದ ಗೋಧಿರವೆಯ ಕುಸ್ಕುಸ್ ಊಟಕ್ಕೆ ಮದುಮಗನ ಮನೆಯ ಗಂಡಸರು ಅದನ್ನು ಹಾಗೇ ಟೀವಿಗೆ ಹಾಕಿ ನೋಡುತ್ತಾರೆ.

ಗುರುವಾರ ಸಂಜೆ ಆರಕ್ಕೆ ವಸೀಲಾ ಎರಡೂ ಕಾರ್ಡುಗಳಿಗೆ ಲೇಬಲ್ ಅಂಟಿಸಿ, ಒಂದರ ಮೇಲೆ ಮದುಮಗಳು ಶಾಹಿನಾಜಳ ಹೆಸರು, ಇನ್ನೊಂದರ ಮೇಲೆ ಮದುಮಗ ಅನೀಸನ ಹೆಸರು ಬರೆದು ಫೌಜಿಯಾಳ ಕೈಗೆ ಕೊಟ್ಟಿದ್ದಳು. ಬೆಳಿಗ್ಗೆ ಡ್ರೈವರ್ ಮಗಳ ಗಂಡನ ಮನೆಗೆ ಸಿಹಿಯ ತಟ್ಟೆ ಒಯ್ಯುವಾಗ ಅನೀಸನ ಕಾರ್ಡು ಅದರ ಜೊತೆ ಹೋಗಬೇಕಿತ್ತು.

ಈಗ ವಸೀಲಾ ಕಾರ್ಡನ್ನು ಹೊರಗೆಳೆದು ತಿರುಗಿಸಿ ನೋಡಿದಳು. ಎರಡೂ ಕಡೆ ಬೋಳು.

"ಇದರ ಮೇಲಿದ್ದ ಲೇಬಲ್ ಎಲ್ಲಿ?"

"ನಾನೇ ಕಿತ್ತೆ," ಎಂದಳು ದಿವಾನದ ಮೇಲಿದ್ದ ಯಾಮಿನಾ. ಫೌಜಿಯಾಳ ಅಕ್ಕ, ಎಪ್ಪತ್ತೆಂಟು ವರ್ಷ, ಬಂಧುಬಳಗಕ್ಕೆಲ್ಲ ಖಾಲ್ತಿ ಯಾಮಿನಾ, ಅಂದರೆ ಯಾಮಿನಾ ದೊಡ್ಡಮ್ಮ.

"ಯಾಕೆ ಖಾಲ್ತಿ?"

"ಯಾಕೆ ಅಂದ್ರೆ? ಹುಡುಗಿ ಹೆಸರು ಬರೆದು ಡ್ರೈವರ್ ಕೈಗೆ ಕೊಡ್ತಾರಾ? ಅವನು ಓದ್ತಾನೆ, ಪೆಟ್ರೋಲ್ ಹಾಕೋನು ಓದ್ತಾನೆ. ನಮ್ಮನೆ ಹೆಣ್ಮಕ್ಕಳ ಹೆಸರು ಬೀದೀಲಿ ಓಡಾಡಿದ್ದೇ ಇಲ್ಲ."

"ಅವಳ ಹೆಸರಿದ್ದದ್ದು ಮನೇಲೇ ಇರಬೇಕಾದ ಕಾರ್ಡು! ಡ್ರೈವರಿಗೆ ಕೊಡಬೇಕಾದ್ದು ಅನೀಸ್ ಹೆಸರಿಂದು."

"ಅದನ್ನೂ ಕಿತ್ತೆ. ಒಂದನ್ನ ಮುಚ್ಚಿ ಇನ್ನೊಂದನ್ನ ತೋರಿಸಿದ್ರೆ ನೋಡಿದೋರಿಗೆ ಅನುಮಾನ ಬರಲ್ವಾ? ಆಮೇಲೆ ಎರಡನ್ನೂ ಒಂದೊಂದು ಕರವಸ್ತ್ರದಲ್ಲಿ ಕಟ್ಟಿದೆ. ಮರ್ಯಾದೆಯಾಗಿ."

ಫೌಜಿಯಾ ಹಣೆ ಹಿಡಿದುಕೊಂಡಳು. "ಪ್ಲಾಸ್ಟಿಕ್ ಚೂರಿಗೂ ಮುಸುಕು ಹಾಕಿದ್ದೀಯಲ್ಲಕ್ಕಾ! ಮೇಲಿದ್ದ ಕರವಸ್ತ್ರದ ಗಂಟೇ ಅನೀಸಂದು ಅಂದ್ಕೊಂಡು ನಾನು ಬಿಚ್ಚದೇ ಕಳಿಸಿಬಿಟ್ಟೆ."

ಹಾಗಾದರೆ ಹೆಂಗಸರ ಕಾರ್ಡು ಈಗ ಹನ್ನೊಂದು ಕಿಲೋಮೀಟರ್ ಆಚೆ ಹೆನ್ನಾಯಾದಲ್ಲಿ, ಅನೀಸನ ತಂದೆ ಹಾಜ್ ಘೌತಿಯ ಮನೆಯಲ್ಲಿತ್ತು. ಗಂಡಸರು ನಮಾಜಿಗೆ ಹೋಗಿರುವ ಹೊತ್ತು. ಮುಗಿಸಿ ಬಂದರೆ ಊಟ, ಊಟದ ಜೊತೆ ಟೀವಿ.

ಫೌಜಿಯಾ ಬೀಗಿತ್ತಿಗೆ ಫೋನ್ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ.

"ಅಡುಗೆಮನೇಲಿ ಇರ್ತಾರೆ. ಮನೆ ತುಂಬ ನೆಂಟರು, ಯಾರಿಗೆ ಕೇಳ್ಬೇಕು?"

"ಶಾಹಿನಾಜ್‌ಗೆ ಮಾಡಿ."

"ಆಫ್ ಮಾಡಿಸಿದ್ದೀನಿ. ಮೊದಲನೇ ದಿನ ಫೋನ್ ಹಿಡ್ಕೊಂಡು ಕೂತ್ರೆ ಅತ್ತೆ ಏನಂದ್ಕೋತಾರೆ ಅಂತ ನಾನೇ ಬುದ್ಧಿ ಹೇಳಿ ಕಳಿಸಿದ್ದು."

ಟ್ಯಾಕ್ಸಿ ಸಿಗುವ ಹಾಗಿರಲಿಲ್ಲ; ಚಾಲಕರೆಲ್ಲ ಮಸೀದಿಯಲ್ಲಿದ್ದರು. ಯಜೀದನೂ ಮಸೀದಿಯಲ್ಲಿದ್ದ, ಕಾರಿನ ಕೀಲಿ ಅವನ ಜೇಬಿನಲ್ಲಿತ್ತು. ವಸೀಲಾ ಲ್ಯಾಪ್‌ಟಾಪನ್ನೂ ಮೆರವಣಿಗೆಯ ಕಾರ್ಡನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ, ಮಸೀದಿಯ ಎದುರಿನ ಬೀದಿಯಲ್ಲಿ, ಮುಚ್ಚಿದ ಬೇಕರಿಯ ಮೆಟ್ಟಿಲ ಬಳಿ ಮೂವತ್ತೈದು ನಿಮಿಷ ನಿಂತಳು. ಇಲ್ಲಿ ಪ್ರವಚನ ಬೇಗ ಮುಗಿಯಲಿ, ಹೆನ್ನಾಯಾದಲ್ಲಿ ತಡವಾಗಲಿ ಎಂದು ಬೇಡಿಕೊಂಡಳು. ಹಾಗೆ ಬೇಡಿಕೊಳ್ಳುವುದು ಸರಿಯೋ ತಪ್ಪೋ ಅವಳಿಗೆ ಗೊತ್ತಿರಲಿಲ್ಲ.

ಒಂದು ನಲವತ್ತೈದಕ್ಕೆ ಜನ ಹೊರಗೆ ಬಂದರು. ಯಜೀದ್ ಚಪ್ಪಲಿ ಸರಿಯಾಗಿ ಮೆಟ್ಟುವುದರೊಳಗೆ ವಸೀಲಾ ಅವನ ತೋಳು ಹಿಡಿದು ಎಳೆದಳು. ಕಾರು ಊರು ದಾಟುವುದರೊಳಗೆ ಎಲ್ಲವನ್ನೂ ಹೇಳಿದಳು.

"ಅಂದ್ರೆ ನಾನು ತೆಗೆದ ಮೆರವಣಿಗೆ ನೋಡಿ ನೀವೆಲ್ಲ ಬಾಯಿ ಬಡ್ಕೊಂಡ್ರಿ," ಎಂದ ಯಜೀದ್. "ಅಷ್ಟು ಕೆಟ್ಟದಾಗಿದೆಯಾ ಅಕ್ಕ?"

"ತಮಾಷೆ ಸಾಕು. ಜೋರಾಗಿ ಓಡಿಸು."

"ಓಡಿಸ್ತಿದ್ದೀನಿ. ಅಲ್ಲ, ಅವರು ನೋಡಿಬಿಟ್ಟಿದ್ರೆ ಏನ್ಮಾಡ್ತೀಯಾ?"

"ನೂರ ನಲವತ್ತು ಮನೆಗೆ ಹೋಗಿ ಹೇಳ್ತೀನಿ. ಆಮೇಲೆ ಕ್ಯಾಮೆರಾ ಮಾರ್ತೀನಿ."

ಯಜೀದ್ ಮತ್ತೆ ತಮಾಷೆ ಮಾಡಲಿಲ್ಲ. ಅವಳು ಹೇಳಿದಂತೆ ಮಾಡುವವಳು ಎಂದು ಅವನಿಗೆ ಗೊತ್ತಿತ್ತು.

ಎರಡು ಗಂಟೆ ಐದು ನಿಮಿಷಕ್ಕೆ ಕಾರು ಹಾಜ್ ಘೌತಿಯ ಮನೆಯ ಮುಂದೆ ನಿಂತಿತು. ವಸೀಲಾ ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟವಳು ಹಾಗೇ ನಿಂತುಬಿಟ್ಟಳು. ಮೇಲಿನ ಕಿಟಕಿಯಿಂದ ದರ್ಬೂಕಾ ಡೋಲಿನ ಪೆಟ್ಟು, ಚಪ್ಪಾಳೆ, ಹೆಂಗಸರ ಉಲುಲು ಕೂಗು ಕೇಳುತ್ತಿತ್ತು. ನಿನ್ನೆ ಮೂರೂವರೆಗೆ ಛತ್ರದಲ್ಲಿ ಬಾರಿಸಿದ್ದ ಗತ್ತು ಅದು. ಅವಳದೇ ರೆಕಾರ್ಡಿಂಗು.

"ಮುಗೀತು," ಎಂದಳು.

"ಮೇಲೆ ಹೋಗಿ ನೋಡು ಮೊದಲು," ಎಂದ ಯಜೀದ್. "ನಾನು ಬರೋ ಹಾಗಿಲ್ಲ ಅಂತ ಕಾಣುತ್ತೆ."

ಬೀದಿಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟ ವಸೀಲಾಳಿಗೆ ಮೊದಲು ಕಂಡದ್ದು ಬೆನ್ನುಗಳು. ಮೆಟ್ಟಿಲ ಮೇಲೆ ಎಂಟು ಗಂಡಸರು ಸಾಲಾಗಿ ಕೂತಿದ್ದರು, ಮುಖ ಗೋಡೆಯ ಕಡೆಗೆ. ನಡುವಿನ ಮೆಟ್ಟಿಲಲ್ಲಿ ಕುಸ್ಕುಸಿನ ದೊಡ್ಡ ಬೋಗುಣಿ ವಾರೆಯಾಗಿ ನಿಂತಿತ್ತು. ಬೀಳದಂತೆ ಮದುಮಗ ಅನೀಸ್ ಅದಕ್ಕೆ ಮಂಡಿ ಆನಿಸಿದ್ದ. ಎಲ್ಲರ ಕೈಯಲ್ಲೂ ಚಮಚ ಇತ್ತು.

"ಯಾರದು? ಹೆಂಗಸಾದ್ರೆ ಮೇಲೆ ಹೋಗು, ಗಂಡಸಾದ್ರೆ ಚಮಚ ತಗೋ," ಎಂದಿತು ತುದಿಯಲ್ಲಿದ್ದ ಬೆನ್ನು. ಅದು ಹಾಜ್ ಘೌತಿ.

"ನಾನು ವಸೀಲಾ, ಹಾಜ್. ವಿಡಿಯೊದವಳು."

"ಓ, ನೀನಾ? ನಿನ್ನ ಕುರ್ಚಿಗಳು ಬಹಳ ಚೆನ್ನಾಗಿ ಬಂದಿವೆ ಮಗಳೇ. ಅದಕ್ಕಿಂತ ಮುಂದಕ್ಕೆ ನಾವ್ಯಾರೂ ನೋಡಿಲ್ಲ."

"ಕುರ್ಚಿಗಳಾ?"

"ಮೊದಲು ಬಿಳೀ ಕಾಗದ. ನಾನು ಟೀವಿ ಕೆಟ್ಟಿದೆ ಅಂದ್ಕೊಂಡೆ. ಆಮೇಲೆ ಖಾಲಿ ಛತ್ರ, ಕುರ್ಚಿ, ಮೇಜು, ಮೇಜಿನ ಮೇಲೆ ಮಕ್ರೂತ್ ಮಿಠಾಯಿ. ಇವನು ನನ್ನ ತಮ್ಮ ಲಾರ್ಬಿ, ಎಷ್ಟು ಮಕ್ರೂತ್ ಇವೆ ಅಂತ ಎಣಿಸ್ತಿದ್ದ. ಅಷ್ಟರಲ್ಲಿ ಒಬ್ಬಳು ಕೂಗಿದಳು, 'ಬಾಗಿಲು ಹಾಕಿದೀನಿ, ತಲೆಬಟ್ಟೆ ತೆಗೀರಮ್ಮಾ, ಇಲ್ಲಿ ಮೀಸೆ ಇರೋದು ಛತ್ರದ ಬೆಕ್ಕಿಗೆ ಮಾತ್ರ' ಅಂತ. ಆಗ ಗೊತ್ತಾಯ್ತು, ಇದು ನಮ್ಮ ಕಾರ್ಡಲ್ಲ ಅಂತ."

"ಅಪ್ಪ ಎದ್ದ ರಭಸಕ್ಕೆ ಮಜ್ಜಿಗೆ ಎಲ್ಲ ನನ್ನ ಮೇಲೆ," ಎಂದ ಅನೀಸ್, ಗೋಡೆಗೆ ಹೇಳುವವನಂತೆ.

"ರಿಮೋಟ್ ಎಲ್ಲಿ ಅಂತ ಯಾರಿಗೆ ಗೊತ್ತು? ಇವನ ಮದುವೆ ನಿಲುವಂಗಿ, ಆ ಬರ್ನೂಸ್, ಗೂಟದಲ್ಲಿ ನೇತಾಡ್ತಿತ್ತು, ಎತ್ತಿ ಟೀವಿ ಮೇಲೆ ಹಾಕಿದೆ. ಎಲ್ಲರಿಗೂ ಹೇಳಿದೆ, ಕಣ್ಣು ಕೆಳಗೆ, ಬೋಗುಣಿ ಮೇಲೆ, ನಡೀರಿ ಅಂತ."

"ನನ್ನ ಚಪ್ಪಲಿ ಒಳಗೇ ಇದೆ," ಎಂದ ಲಾರ್ಬಿ. "ಮಂಡಿನೋವು ಇರೋನನ್ನ ಗೋಧಿ ಮೂಟೆ ಎಳೆದ ಹಾಗೆ ಎಳೆದ್ರು. ಕಣ್ಣು ಮುಚ್ಚಿದ್ದೆ, ಬಾಗಿಲಿಗೆ ಹಣೆ ಬೇರೆ ಹೊಡೀತು."

ವಸೀಲಾ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಕೂತಮೇಲೆ ಗೊತ್ತಾಯಿತು, ಬೆಳಗಿನಿಂದ ಏನೂ ತಿಂದಿಲ್ಲ ಎಂದು. ಆದರೂ ಅವಳು ಮಾತು ನಂಬಿ ಬಿಡುವವಳಲ್ಲ. ಎದ್ದು, ಗೋಡೆಗೆ ಮುಖ ಮಾಡಿದ್ದವರನ್ನು ದಾಟಿ ಮೇಲೆ ಹೋದಳು.

ಹಜಾರದಲ್ಲಿ ಹೆಂಗಸರು ಟೀವಿಯನ್ನು ಮುತ್ತಿಕೊಂಡು ಕೂತಿದ್ದರು. ಬರ್ನೂಸ್ ಮಡಚಿ ಪಕ್ಕಕ್ಕಿಟ್ಟಿತ್ತು. ಅನೀಸನ ತಾಯಿ ಹಾಜಾ ಖೈರಾ ಕೈಯಾಡಿಸಿ ಕರೆದಳು.

"ಬಾ, ಬಾ, ಕೂತ್ಕೋ. ನಾನು ಕುಣಿಯೋದು ಇನ್ನೂ ಬಂದಿಲ್ಲ."

"ಹಾಜಾ, ನೀವು ಒಳಗೆ ಬಂದಾಗ ಟೀವಿ ಮೇಲೆ ಬರ್ನೂಸ್ ಇತ್ತಾ?"

"ಇತ್ತಲ್ಲ. ಅದರೊಳಗಿಂದ ಹೆಂಗಸರು ಕೂಗ್ತಿದ್ರು. ದೆವ್ವ ಹೊಕ್ಕಿದೆ ಅಂದ್ಕೊಂಡೆ ನಾನು! ಇವರೆಲ್ಲ ಬೋಗುಣಿ ಹೊತ್ಕೊಂಡು ಕುರಿಗಳ ಹಾಗೆ ಬಾಗಿಲಲ್ಲಿ ನೂಕಾಡ್ತಿದ್ರು."

ವಸೀಲಾ ಕಾರ್ಡನ್ನು ಟೀವಿಯಿಂದ ತೆಗೆದಳು. ಕೋಣೆಯಲ್ಲಿ ಒಟ್ಟಿಗೆ ಅಯ್ಯೋ ಎಂಬ ಸದ್ದೆದ್ದಿತು. ಅದಕ್ಕೆ ಕಿವಿಗೊಡದೆ ಲ್ಯಾಪ್‌ಟಾಪಿಗೆ ಹಾಕಿ ಮೊದಲ ತುಣುಕು ತೆರೆದಳು. ಬಣ್ಣ ಸರಿಯಾಗಿ ಬರಲೆಂದು ಕ್ಯಾಮೆರಾಗೆ ತೋರಿಸಿದ್ದ ಬಿಳಿ ಕಾಗದ, ಹನ್ನೆರಡು ಸೆಕೆಂಡು. ಖಾಲಿ ಛತ್ರ. ನಲವತ್ತೊಂದನೆಯ ಸೆಕೆಂಡಿಗೆ ಬಾಗಿಲವಳ ಕೂಗು. ಒಂದು ನಿಮಿಷ ಐದು ಸೆಕೆಂಡಿಗೆ ತುಣುಕು ಮುಗಿಯಿತು. ಅಲ್ಲಿಯವರೆಗೂ ಪರದೆಯ ಮೇಲೆ ಒಂದೂ ಮುಖ ಇಲ್ಲ. ಮೊದಲ ಹೆಂಗಸು ಬರುವುದು ಎರಡನೆಯ ತುಣುಕಿನಲ್ಲಿ. ಕೂಗಿಗೂ ಆ ಹೆಂಗಸಿಗೂ ನಡುವೆ ಇಪ್ಪತ್ತನಾಲ್ಕು ಸೆಕೆಂಡು.

"ಗೂಟ ಎಲ್ಲಿದೆ?" ಎಂದು ಕೇಳಿದಳು.

ಹಾಜಾ ಖೈರಾ ಬೆರಳು ತೋರಿಸಿದಳು. ಟೀವಿಯಿಂದ ಎರಡು ಹೆಜ್ಜೆ.

ವಸೀಲಾ ಇನ್ನೊಮ್ಮೆ ಎಣಿಸಿದಳು. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ಜೋರಾಗಿ ನಕ್ಕಳು. ನಗು ನಿಲ್ಲಿಸಲು ಹೋದರೆ ಕಣ್ಣಲ್ಲಿ ನೀರು ಬಂತು. ಹಾಜಾ ಖೈರಾ ಒಂದು ಬಟ್ಟಲು ಮಜ್ಜಿಗೆ ಕೈಗಿತ್ತಳು. ವಸೀಲಾ ಒಂದೇ ಉಸಿರಿಗೆ ಕುಡಿದಳು. ಒಳಕೋಣೆಯಿಂದ ಶಾಹಿನಾಜ್ ಬಂದು ಬಾಗಿಲಲ್ಲಿ ನಿಂತಳು, ಕೈತುಂಬ ಮೆಹಂದಿ.

"ಲೇಬಲ್ ಕಿತ್ತದ್ದು ಖಾಲ್ತಿ ಯಾಮಿನಾ ತಾನೇ?"

"ನಿನಗೆ ಹೇಗೆ ಗೊತ್ತಾಯ್ತು?"

"ಹೋದ ವರ್ಷ ನನ್ನ ಔಷಧಿ ಚೀಟಿ ಮೇಲಿನ ಹೆಸರನ್ನೂ ಕತ್ತರಿಸಿ ತೆಗೆದಿದ್ರು. ಔಷಧಿ ಅಂಗಡಿಯವನು ಓದ್ತಾನಂತೆ."

ವಸೀಲಾ ಕಿಟಕಿಯ ಬಳಿ ನಿಂತು ಫೌಜಿಯಾಗೆ ಫೋನ್ ಮಾಡಿದಳು. ಫೌಜಿಯಾ ಮೊದಲ ರಿಂಗಿಗೇ ಎತ್ತಿದಳು.

"ಯಾರೂ ನೋಡಿಲ್ಲ," ಎಂದಳು ವಸೀಲಾ. "ಸೆಕೆಂಡು ಲೆಕ್ಕ ಹಾಕಿದೀನಿ. ಯಾರೂ ನೋಡಿಲ್ಲ."

ಆ ಕಡೆಯಿಂದ ದೀರ್ಘವಾದ ಉಸಿರು ಕೇಳಿತು. ಅದರ ಹಿಂದೆ ಯಾಮಿನಾಳ ದನಿ: "ನೋಡಿದ್ಯಾ? ಹೆಸರು ಇದ್ದಿದ್ರೆ ಅದನ್ನಾದ್ರೂ ಓದಿರೋರು!"

ಕೆಳಗೆ ಬಂದಾಗ ಗಂಡಸರು ಇನ್ನೂ ಗೋಡೆ ನೋಡುತ್ತಿದ್ದರು. ಬೋಗುಣಿ ಖಾಲಿಯಾಗಿತ್ತು.

"ಹಾಜ್, ಈಗ ತಿರುಗಬಹುದು. ಛತ್ರಕ್ಕೆ ಬಂದಿದ್ದ ಹೆಂಗಸರಿಗೆ ನಾನು ನಡೆದದ್ದು ಹೇಳಬೇಕು. ಮುಚ್ಚಿಡೋಕೆ ಆಗಲ್ಲ."

ಹಾಜ್ ಘೌತಿ ತಿರುಗಿ ಕೂತು ಕುತ್ತಿಗೆ ಉಜ್ಜಿಕೊಂಡ. "ಹೇಳು, ಹೇಳು. ಎಂಟು ಜನ ಗಂಡಸರು ಕುರ್ಚಿ ನೋಡಿದ್ರು ಅನ್ನು. ಲಾರ್ಬಿ ಮಕ್ರೂತ್ ನೋಡಿದ ಅಂತಾನೂ ಸೇರಿಸು, ಇಲ್ಲಾಂದ್ರೆ ಸುಳ್ಳಾಗುತ್ತೆ."

ವಸೀಲಾ ಚೀಲದಿಂದ ಸರಿಯಾದ ಕಾರ್ಡು ತೆಗೆದು ಬಾಗಿಲಾಚೆ ನಿಂತಿದ್ದ ಯಜೀದನ ಕೈಗಿಟ್ಟಳು. ಹೆಂಗಸರು ಒಳಕೋಣೆಗೆ ಹೋದ ಮೇಲೆ, ಎರಡು ಗಂಟೆ ನಲವತ್ತು ನಿಮಿಷಕ್ಕೆ, ಅವನು ಅದನ್ನು ಹಜಾರದ ಟೀವಿಗೆ ಹಾಕಿಕೊಟ್ಟ. ಮೆರವಣಿಗೆ ಹದಿನೆಂಟು ನಿಮಿಷ ಇತ್ತು. ಅದು ಮುಗಿಯುವಷ್ಟರಲ್ಲಿ ಎಂಟು ಜನರಲ್ಲಿ ಐವರಿಗೆ ನಿದ್ದೆ ಬಂದಿತ್ತು.