ನಾಲ್ಕು ಮೂಲೆಯ ಹೆಂಟೆ

ಅವನ ಗುಂಡಿಯ ನಾಲ್ಕನೆಯ ಮೂಲೆಯಲ್ಲೂ ಹುಲ್ಲಿನ ಹೆಂಟೆಯನ್ನು ಯಾರೋ ಹೊಸದಾಗಿ ಕಡಿದಿದ್ದರು. ಜೆಂಕಿನ್ ಅಲ್ಲೇ ಕುಸಿದು ಕುಳಿತ. ಲಂಡನ್ನಿನ ಹೊರಬಯಲಿನಿಂದ ಕಾರ್ನ್‌ವಾಲ್‌ವರೆಗೆ ಹದಿನೆಂಟು ದಿನ ನಡೆದ ಕಾಲುಗಳು; ಮೆಟ್ಟು ದಾರಿಯಲ್ಲೇ ಎಲ್ಲೋ ಕಿತ್ತುಹೋಗಿತ್ತು.

ತವರದ ಅದಿರು ಅಗೆಯುವ ನಮ್ಮ ಗುಂಡಿಗಳ ಕಟ್ಟಳೆ ಅದು: ವರ್ಷಕ್ಕೊಮ್ಮೆ, ಸಂತ ಯೋಹಾನನ ಹಬ್ಬದ ದಿನ, ಒಡೆಯ ನಾಲ್ಕೂ ಮೂಲೆಯ ಹೆಂಟೆ ಕಡಿದು ತನ್ನ ಹೆಸರು ಹೇಳಬೇಕು. ತಪ್ಪಿದರೆ ಗುಂಡಿ ಕಂಡವರ ಪಾಲು. ಎಲ್ಲೋ ಸ್ಕಾಟರ ಮೇಲಿನ ಯುದ್ಧಕ್ಕೆ ನಾವೇಕೆ ತೆರಿಗೆ ಕೊಡಬೇಕೆಂದು ಅರಸನನ್ನೇ ಕೇಳಲು ಲಂಡನ್ನಿಗೆ ಹೊರಟ ಜೆಂಕಿನ್ ಮತ್ತು ಜೊತೆಯವರು ಹಬ್ಬದೊಳಗೆ ಮರಳುತ್ತೇವೆ ಅಂದುಕೊಂಡಿದ್ದರು. ಎಂಥ ಹುಚ್ಚರೋ! ಹಬ್ಬಕ್ಕೆ ವಾರವಿರುವಾಗಲೇ ಅರಸನ ದಂಡು ಅವರನ್ನು ಕೊಚ್ಚಿಹಾಕಿತು.

ಗುಂಡಿಯೊಳಗಿಂದ ಸನಿಕೆ ಹಿಡಿದು ಮೇಲೆ ಬಂದವಳು ಅವನ ಹೆಂಡತಿ ಟ್ಯಾಮ್ಸಿನ್. ತಲೆಗೆ ವಿಧವೆಯರ ಕರಿಬಟ್ಟೆ. ಅವನನ್ನು ಕಂಡು ಸನಿಕೆ ಕೈಬಿಟ್ಟಳು. ಅತ್ತಳು, ಅವನ ಎದೆಗೆ ಗುದ್ದಿದಳು.

"ಹೆಂಟೆ ಕಡಿದೋರು ಯಾರೇ?"

"ನಾನೇ. ನೀನ್ ಸತ್ತೆ ಅಂತ ಸುದ್ದಿ ಬಂತು. ಗಂಡ ಬದುಕಿದ್ರೆ ಹೆಂಗಸಿನ ಹೆಸ್ರು ನಡೆಯಲ್ವಲ್ಲ? ಜನರ ಮುಂದೆ ವಿಧವೆ ಅಂತ ಆಣೆ ಇಟ್ಟು ನನ್ ಹೆಸ್ರು ಹೇಳ್ದೆ. ಇನ್ನೇನ್ ಮಾಡ್ಲಿ ಮಹಾರಾಯ?"

"ಈಗ ನಾನ್ ಬಂದಿದ್ದು ಗೊತ್ತಾದ್ರೆ?"

"ಗುಂಡಿ ಹೋಗುತ್ತೆ. ನೀನೂ ಹೋಗ್ತೀಯ. ದಂಗೆಗೆ ಹೋದೋರನ್ನ ಹುಡುಕ್ತಾ ಇದಾರೆ. ಊರೋರೇನೋ ಬಾಯಿ ಬಿಡಲ್ಲ..."

ಜೆಂಕಿನ್‌ಗೆ ನಗು ಬಂತು, ನಗುವಷ್ಟು ತ್ರಾಣ ಇರಲಿಲ್ಲ. "ಅಂತೂ ತೆರಿಗೆ ತಪ್ತು ಕಣೆ. ಸತ್ತೋನ ಹತ್ರ ಯಾರ್ ಕೇಳ್ತಾರೆ?"

"ಬಾಯ್ಮುಚ್ಚು. ಪಾರುಪತ್ಯಗಾರ ಬಂದ."

ತವರದ ಗುಂಡಿಗಳ ಮೇಲ್ವಿಚಾರಣೆಗೆ ಹೊಸದಾಗಿ ಬಂದಿದ್ದ ಪೆನ್‌ರೋಸ್ ದಿಬ್ಬದ ಮೇಲೆ ಕುದುರೆ ನಿಲ್ಲಿಸಿದ. "ಯಾರಮ್ಮಾ ಇವನು?"

ಜೆಂಕಿನ್ ಬಗ್ಗಿ ಸನಿಕೆ ಎತ್ತಿಕೊಂಡ.

"ಕೂಲಿಯವ, ಸ್ವಾಮಿ. ಇವತ್ತೇ ಸೇರ್ಕೊಂಡೆ."

ಪೆನ್‌ರೋಸ್ ಅವನ ಬರಿಗಾಲನ್ನು ಸ್ವಲ್ಪ ಹೊತ್ತು ನೋಡಿದ. "ಗಂಡನ ಆತ್ಮಕ್ಕೆ ಚರ್ಚಿನಲ್ಲಿ ಪೂಜೆ ಮಾಡಿಸಿದೆಯಾ ತಾಯಿ?"

"ಭಾನುವಾರ ಇದೆ, ಸ್ವಾಮಿ."

"ಇವನನ್ನೂ ಕರೆದುಕೊಂಡು ಬಾ. ಉಂಡ ಮನೆಯ ಋಣ."

ಪೆನ್‌ರೋಸ್ ಹೋಗಲಿಲ್ಲ, ದಿಬ್ಬದ ಮೇಲೇ ನಿಂತು ನೋಡುತ್ತಿದ್ದ. ಜೆಂಕಿನ್ ತನ್ನದೇ ಗುಂಡಿಗಿಳಿದು ಅಗೆಯತೊಡಗಿದ. ಮಧ್ಯಾಹ್ನವಾದಾಗ ಟ್ಯಾಮ್ಸಿನ್ ಬುತ್ತಿ ಬಿಚ್ಚಿ, ಬಾರ್ಲಿ ರೊಟ್ಟಿಯ ದೊಡ್ಡ ಪಾಲನ್ನೇ ಮುರಿದು, ಕೂಲಿಯವರಿಗೆ ಇಡುವ ಹಾಗೆ ಕಲ್ಲಿನ ಮೇಲಿಟ್ಟು ದೂರ ಸರಿದು ಕುಳಿತಳು.