ಮನೆಯಲ್ಲಾದ ತಡ

ಹೆರಿಗೆಯಲ್ಲಿ ಹೆಣ್ಣು ಸತ್ತರೆ ನಮ್ಮ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯೇ ಕೂತು ವಿಚಾರಣೆ ಮಾಡುತ್ತಾರೆ. ಮನೆಯವರನ್ನೂ ಕರೆಸುತ್ತಾರೆ. ನಮೂನೆಯಲ್ಲಿ ಮುಖ್ಯ ಪ್ರಶ್ನೆ ಒಂದೇ: ತಡ ಎಲ್ಲಾಯಿತು? ಮನೆಯಲ್ಲೋ, ದಾರಿಯಲ್ಲೋ, ಆಸ್ಪತ್ರೆಯಲ್ಲೋ? ಹನ್ನೊಂದು ವರ್ಷದಿಂದ ನಾನು ಈ ಹಳ್ಳಿಗಳ ನರ್ಸು. ನಮೂನೆಯ 'ಆಸ್ಪತ್ರೆ' ಎಂಬ ಸಾಲಿನ ಎದುರು ಗುರುತು ಬಿದ್ದದ್ದನ್ನು ಒಮ್ಮೆಯೂ ಕಂಡಿಲ್ಲ.

ತಮಿಳರಸಿಗೆ ಶನಿವಾರ ಬೆಳಿಗ್ಗೆ ಏಳಕ್ಕೆ ನೋವು ಬಂತು. ಎಂಟಕ್ಕೆಲ್ಲ ಅವಳ ಅತ್ತೆ ಪಾವಾಯಿ ಮತ್ತು ನಾನು ಅವಳನ್ನು ತಾಲ್ಲೂಕು ಆಸ್ಪತ್ರೆಗೆ ತಂದಿದ್ದೆವು. ಮಗು ಅಡ್ಡ ತಿರುಗಿತ್ತು, ಕೊಯ್ದೇ ತೆಗೆಯಬೇಕಿತ್ತು. ಅರಿವಳಿಕೆ ಕೊಡುವ ವೈದ್ಯರು ಬರುವುದು ಸೋಮವಾರ, ಗುರುವಾರ ಮಾತ್ರ. ಇಂದು ಕರೆಸುತ್ತೇವೆ ಎಂದು ಮಧ್ಯಾಹ್ನ ಒಂದು ಗಂಟೆಯವರೆಗೆ ಕೂರಿಸಿ, ಆಮೇಲೆ ಜಿಲ್ಲಾಸ್ಪತ್ರೆಗೆ ಬರೆದುಕೊಟ್ಟರು. ದಾರಿಯಲ್ಲೇ ತಾಯಿ, ಮಗು ಇಬ್ಬರೂ ಹೋದರು. ಗಂಡ ತಂಗವೇಲು ದೂರದ ಇಟ್ಟಿಗೆ ಗೂಡಿನಿಂದ ಬರುವಷ್ಟರಲ್ಲಿ ಹೆಣ ಮನೆಯಲ್ಲಿತ್ತು.

ವಿಚಾರಣೆಗೆ ಎರಡು ದಿನ ಮೊದಲು ನಮ್ಮ ವೈದ್ಯಾಧಿಕಾರಿ ನನ್ನನ್ನು ಕರೆದರು.

"ತಡ ಆಸ್ಪತ್ರೇಲಾಯ್ತು ಅಂತ ಬಂದ್ರೆ ಮೊದಲು ಹೋಗೋದು ನಿನ್ ಕೆಲಸ. ಆ ಮುದುಕಿ ನಿನ್ ಮಾತು ಕೇಳ್ತಾಳಲ್ಲ?"

ಕೇಳುತ್ತಾಳೆ. ಅವಳ ಮೊದಲ ಮೊಮ್ಮಗಳು, ತಮಿಳರಸಿಯ ಹಿರಿಯ ಮಗಳು, ಹುಟ್ಟಿದ್ದು ನನ್ನ ಕೈಯಲ್ಲಿ. ನಾಚಿಕೆ ಬಿಟ್ಟು ಹೋದೆ.

"ಮನೇಲೇ ತಡ ಆಯ್ತು ಅಂತ ಒಂದು ಮಾತು ಹೇಳ್ಬಿಡಿ ಪಾವಾಯಕ್ಕ."

"ಇಲ್ಲಾಂದ್ರೆ ನಿಮ್ ಕೆಲಸ ಹೋಗ್ತದಾ?"

"ಹೋಗ್ತದೆ."

"ಸತ್ತೋಳಂತೂ ಬರಲ್ಲ. ಹೇಳ್ತೀನಿ ಬಿಡಿ ನರ್ಸಮ್ಮ."

ಸಭೆಯಲ್ಲಿ ಅವಳು ಕೈಮುಗಿದು ನಿಂತು ಹೇಳಿದಳು: "ಸುಳ್ಳು ನೋವು ಅಂದ್ಕೊಂಡು ಮಧ್ಯಾಹ್ನದ ತನಕ ಮನೇಲೇ ಇಟ್ಕೊಂಡಿದ್ದೆ ಸ್ವಾಮಿ. ನಂದೇ ತಪ್ಪು." ಮಗನೂ ಪಕ್ಕದಲ್ಲೇ ಇರುತ್ತಾನೆ ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ತಂಗವೇಲು ತಾಯಿಯ ಮುಖ ನೋಡಿದ. ಮರುದಿನವೇ ಮಗಳನ್ನು ಎತ್ತಿಕೊಂಡು ಹೆಂಡತಿಯ ತವರಿಗೆ ಹೊರಟುಹೋದ. ಮೊಮ್ಮಗಳನ್ನು ನೋಡಲು ಹೋದ ಪಾವಾಯಿಯನ್ನು ಹೊಸ್ತಿಲು ದಾಟಲು ಬಿಡಲಿಲ್ಲವಂತೆ.

ಆರು ತಿಂಗಳಿಗೆ ರಾಜಧಾನಿಯ ಸಂಶೋಧಕರು ಎಲ್ಲ ನಮೂನೆಗಳನ್ನು ಕೂಡಿಸಿ ವರದಿ ಬರೆದರು. ಸಾವಿಗೆ ಮುಖ್ಯ ಕಾರಣ ಕುಟುಂಬದ ಅಜ್ಞಾನ ಎಂದಿತ್ತು. ಅವರನ್ನು ಬೈದು ಏನು ಪ್ರಯೋಜನ? ನಾವು ಕೊಟ್ಟದ್ದನ್ನೇ ಅವರು ಕೂಡಿಸಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ನಮಗೆ ಪೂರ್ಣಾವಧಿ ಅರಿವಳಿಕೆ ವೈದ್ಯರು ಬರಲಿಲ್ಲ, ಅತ್ತೆಯರಿಗೆ ತಿಳಿವಳಿಕೆ ತರಗತಿ ಬಂತು. ಪಾಠ ಹೇಳುವವಳು ನಾನು.

ಮೊದಲ ದಿನವೇ ಪಾವಾಯಿ ಬಂದು ಮುಂದೆ ಕೂತಳು. ಸೊರಗಿ ಅರ್ಧವಾಗಿದ್ದಳು. ನೋವು ಬಂದರೆ ಏನು ಮಾಡಬೇಕು ಎಂದು ಪುಸ್ತಕ ನೋಡಿ ಕೇಳಿದೆ. "ತಕ್ಷಣ ಆಸ್ಪತ್ರೆಗೆ" ಎಂದು ಎಲ್ಲರಿಗಿಂತ ಮೊದಲು ಹೇಳಿದವಳು ಅವಳೇ.

ಹೆಂಗಸರೆಲ್ಲ ಎದ್ದು ಹೋದ ಮೇಲೂ ಅವಳು ಕೂತೇ ಇದ್ದಳು.

"ನರ್ಸಮ್ಮ, ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಎಲ್ಲರೂ ಅಂದೂ ಅಂದೂ ನಂಗೇ ಗೊತ್ತಾಗ್ತಿಲ್ಲ. ಅವತ್ತು ನಾನು ನಿಜವಾಗ್ಲೂ ತಡ ಮಾಡಿದ್ನಾ?"

ಪುಸ್ತಕ ಮುಚ್ಚಿಟ್ಟೆ. "ಇಲ್ಲ ಪಾವಾಯಕ್ಕ. ನೀವು ಒಂದು ಗಳಿಗೇನೂ ತಡ ಮಾಡ್ಲಿಲ್ಲ."

ಅವಳು ಉಸಿರು ಬಿಟ್ಟಳು. ನನ್ನ ಕೈ ಹಿಡಿದುಕೊಂಡಳು.

"ಹಂಗಾದ್ರೆ ಇದೊಂದು ಮಾತು ಬಂದು ನನ್ ಮಗನಿಗೆ ಹೇಳ್ತೀರಾ?"

ಈ ವಾರ ಇನ್ನೂ ನಾಲ್ಕು ಊರಿನ ತರಗತಿ ಬಾಕಿಯಿದೆ ಎಂದೆ.